ಉಡಿಯಲ್ಲಿಟ್ಟ ಕೂಸು

ಅಕ್ಕ ತೀರಿಕೊಂಡ ತಿಂಗಳು ನಾನು ಚಿತ್ರಹಿಂಸೆಯ ನಿಷೇಧದ ಅಧ್ಯಾಯ ಓದುತ್ತಿದ್ದೆ. ಎಲ್‌ಎಲ್‌ಎಂ ಮೊದಲ ವರ್ಷ ಮುಗಿಯುತ್ತ ಬಂದಿತ್ತು. ವಿಶೇಷ ವಿಷಯವಾಗಿ ನಾನು ಆರಿಸಿಕೊಂಡದ್ದು ಅಂತಾರಾಷ್ಟ್ರೀಯ ಮಾನವ ಹಕ್ಕುಗಳ ಕಾನೂನು. ಯಾವ ದೇಶದ ಸೆರೆಮನೆಯಲ್ಲಿ ಯಾರಿಗೆ ಏನು ಮಾಡಿದರು ಎಂಬುದೆಲ್ಲ ತೀರ್ಪುಗಳಲ್ಲಿ ಪ್ಯಾರಾ ಪ್ರಕಾರ ಇರುತ್ತದೆ. ತರಗತಿಯಲ್ಲಿ ಪಕ್ಕದ ಹುಡುಗಿ ಒಮ್ಮೆ ಅರ್ಧಕ್ಕೇ ಪುಸ್ತಕ ಮುಚ್ಚಿ, ಬಾಯಿಗೆ ವೇಲು ಹಿಡಿದು ಹೊರಗೆ ಹೋದಳು. ನಾನು ಓದುತ್ತಲೇ ಇದ್ದೆ. ಏನೂ ಅನಿಸಲಿಲ್ಲ. ಹಸಿವಾಯಿತು, ಮಂಡಕ್ಕಿಯ ಸುಸಲಾ ತಿಂದೆ, ಬಂದು ಮತ್ತೆ ಅದೇ ಪ್ಯಾರಾದಿಂದ ಶುರುಮಾಡಿದೆ.

ಅಕ್ಕನನ್ನು ಭಾಲ್ಕಿಗೆ ಕೊಟ್ಟಿತ್ತು. ಹೆಣ್ಣು ಕೂಸು ಹುಟ್ಟಿತು, ರಕ್ತ ನಿಲ್ಲಲಿಲ್ಲ. ಬೀದರಿಗೆ ಕರೆತರುತ್ತೇವೆ ಎಂದು ಭಾವ ಫೋನು ಮಾಡಿದ. ಬೀದರಿನ ಮೈಲೂರಿನಲ್ಲಿದ್ದ ನನ್ನ ಬಾಡಿಗೆ ಕೋಣೆಯಿಂದ ಥರ್ಮಾಸಿನಲ್ಲಿ ಬಿಸಿನೀರು ತುಂಬಿಕೊಂಡು ಆಸ್ಪತ್ರೆಯ ಬಾಗಿಲಲ್ಲಿ ನಿಂತೆ. ಗಾಡಿ ಬಂತು. ಅಕ್ಕ ದಾರಿಯಲ್ಲೇ ಹೋಗಿದ್ದಳು. ಬಿಸಿನೀರು ಯಾರಿಗೂ ಬೇಕಾಗಲಿಲ್ಲ. ಅದನ್ನು ವಾಪಸು ತಂದು, ತಣ್ಣೀರಿಗೆ ಬೆರೆಸಿ, ಕಾಲು ತೊಳೆದುಕೊಂಡು ಊರಿಗೆ ಹೊರಟೆ. ಈಗಲೂ ಆ ದಿನ ನೆನಪಾದರೆ ನನಗೆ ಮೊದಲು ನೆನಪಾಗುವುದು ಆ ನೀರು. ಅಕ್ಕನ ಮುಖ ಆಮೇಲೆ.

ನಾನು ಅಳಲಿಲ್ಲ. ಊರಿನ ಹೆಂಗಸರು ಅದನ್ನು ಗಮನಿಸದೆ ಬಿಡಲಿಲ್ಲ. "ಓದಿ ಓದಿ ಆಕಿ ಕಣ್ಣಾಗಿನ ನೀರ್ ಆರ್ಯಾವ" ಎಂದರು. ಇರಬಹುದು ಎಂದು ನನಗೂ ಅನಿಸಿತು.

ನಮ್ಮೂರು ಔರಾದ ತಾಲ್ಲೂಕಿನ ಎಕಂಬಾ. ಮನೆಯಲ್ಲಿ ಕುರಿ, ಹೊಲದಲ್ಲಿ ತೊಗರಿ, ಜೋಳ. ನನ್ನ ಅಪ್ಪ ಸಾಲಿ ಮೆಟ್ಟಿಲು ಹತ್ತಿದವನಲ್ಲ, ಆದರೆ ನನ್ನನ್ನು ಹತ್ತಬೇಡ ಎಂದವನೂ ಅಲ್ಲ. ಪಿಯುಸಿ ಎಂದೆ, ಹೂಂ ಎಂದ. ಎಲ್‌ಎಲ್‌ಬಿ ಎಂದೆ, ಹೂಂ ಎಂದ. ಮತ್ತೆರಡು ವರ್ಷ ಎಂದಾಗ ಮಾತ್ರ, "ಇನ್ನೂ ಉಳದದೇನು?" ಎಂದು ಕೇಳಿ ಬೀಡಿ ಹಚ್ಚಿದ. ಅಂತಾರಾಷ್ಟ್ರೀಯ ಒಪ್ಪಂದಗಳ ಪಾಠದಲ್ಲಿ ಒಂದು ಪದ್ಧತಿ ಬರುತ್ತದೆ. ದೇಶಗಳು ಒಪ್ಪಂದಕ್ಕೆ ಸಹಿ ಹಾಕುತ್ತವೆ, ಚಪ್ಪಾಳೆ ತಟ್ಟಿಸಿಕೊಳ್ಳುತ್ತವೆ, ಆಮೇಲೆ ಇಂಥ ಒಂದು ಕಲಮು ನಮಗೆ ಅನ್ವಯಿಸುವುದಿಲ್ಲ ಎಂದು ಮೆಲ್ಲಗೆ ಷರತ್ತು ಸೇರಿಸುತ್ತವೆ. ಹಾಗೆ ಷರತ್ತು ಬೀಳುವುದು ಬಹಳ ಸಲ ಮದುವೆಯ ಕಲಮಿಗೇ. ಅದನ್ನು ಓದುವಾಗ ನನಗೆ ನಗು ಬಂದಿತ್ತು. ನಮ್ಮ ಮನೆಯೂ ಅಂಥದೇ ಒಂದು ದೇಶ.

ಕೂಸನ್ನು ಎಕಂಬಾಕ್ಕೆ ತಂದರು. ಭಾಲ್ಕಿಯಲ್ಲಿ ಭಾವನ ತಾಯಿಗೆ ಮೊಣಕಾಲು ನೋವು, ಎಳೆಗೂಸು ಎತ್ತಲು ಆಗುತ್ತಿರಲಿಲ್ಲ. ಹೆಸರಿಡುವ ದಿನ ನಾನು ಬೆಳಗಿನ ಬಸ್ಸಿಗೆ ಹೋದೆ. ನಮ್ಮಲ್ಲಿ ತೊಟ್ಟಿಲಿಗೆ ಹಾಕುವ ಮೊದಲು ತಾಯಿಯನ್ನು ಮಣೆಯ ಮೇಲೆ ಕೂರಿಸಿ ಉಡಿ ತುಂಬುತ್ತಾರೆ. ಸೆರಗಿನ ಮಡಿಲಲ್ಲಿ ಅಕ್ಕಿ, ಕಾಯಿ, ಕುಪ್ಪಸದ ಕಣ ಹಾಕಿ, ಅದರ ಮೇಲೆ ಕೂಸನ್ನು ಇಡುತ್ತಾರೆ. ಈ ಕೂಸಿಗೆ ತಾಯಿ ಇರಲಿಲ್ಲ. ಮಣೆ ಖಾಲಿ ಬಿಡುವ ಹಾಗೂ ಇರಲಿಲ್ಲ.

"ನೀ ಕೂಡು" ಎಂದಳು ಅವ್ವ.

ಕೂತೆ. ಆ ದಿನಗಳಲ್ಲಿ ಕೂಡು ಎಂದರೆ ಕೂಡುತ್ತಿದ್ದೆ, ಏಳು ಎಂದರೆ ಏಳುತ್ತಿದ್ದೆ. ಭಾವನ ತಾಯಿ ಕುಂಟುತ್ತ ಬಂದು ಅಕ್ಕಿ ಹಾಕಿದರು. ಕೂಸನ್ನು ಇಟ್ಟರು. ಬೆಚ್ಚಗಿತ್ತು. ಹಿಂದಿನಿಂದ ಒಬ್ಬ ಮುದುಕಿ, "ಆತು ತಗೋ, ಕೂಸಿಗಿ ತಾಯಿ ಆತು" ಎಂದು ಮೂಗು ಒರೆಸಿಕೊಂಡಳು. ಎಲ್ಲರೂ ಅತ್ತರು. ನಾನು ಕೂಸಿನ ಕಿವಿಯಲ್ಲಿ ಅಂಟಿದ್ದ ಒಂದು ಅಕ್ಕಿಕಾಳು ತೆಗೆದೆ.

ಆ ಹೊತ್ತಿನ ಮಟ್ಟಿಗೆ ಕೂರಿಸಿದ್ದಾರೆ ಎಂದೇ ತಿಳಿದಿದ್ದೆ. ಮುಂದಿನ ವಾರ ಮೈಲೂರಿಗೆ ಅವ್ವನ ಫೋನು ಬಂತು. ಸಂಡಿಗೆಯ ಮಾತು, ಕುರಿಗೆ ಹತ್ತಿದ ಜಡ್ಡಿನ ಮಾತು ಮುಗಿದ ಮೇಲೆ, "ವರ್ಷ ಕಳೀಲಿ. ಆಮ್ಯಾಲ ನಿನಗೂ ಭಾವಗೂ ನಾಕ್ ಮಂದಿಯಾಗ ಅಕ್ಕಿಕಾಳು ಹಾಕಿ ಮದುವಿ ಮಾಡಿಬಿಡೋಣು" ಎಂದಳು.

"ಏನಂದಿ ಅವ್ವಾ?"

"ಮತ್ತ? ಉಡಿ ತುಂಬಿಸಿಕೊಂಡಿ. ಕೂಸು ಇಟಗೊಂಡಿ. ಊರೆಲ್ಲ ನೋಡ್ಯಾದ."

"ನನಗ ಯಾರರೆ ಕೇಳಿದ್ರೇನು?"

"ನೀ ಏಳಲಿಲ್ಲಲ್ಲ" ಎಂದಳು ಅವ್ವ. ಅವಳ ದನಿಯಲ್ಲಿ ಜೋರಿರಲಿಲ್ಲ, ಅಕ್ಕರೆಯಿತ್ತು. ನನ್ನ ಮಗಳು ದೊಡ್ಡ ಮನಸ್ಸು ಮಾಡಿದಳು ಎಂದು ಅವಳು ಖರೆಯೇ ನಂಬಿದ್ದಳು. ಫೋನಿಟ್ಟ ಮೇಲೆ ನಾನು ಒಗೆದ ಬಟ್ಟೆ ಮಡಚಿದೆ. ಸಿಟ್ಟು ಬರಬೇಕಿತ್ತು, ಬರಲಿಲ್ಲ. ಯಾರದೋ ಕೇಸು ಕೇಳಿದ ಹಾಗಿತ್ತು.

ಶನಿವಾರ ಬಂದರೆ ಊರಿಗೆ ಹೋಗುತ್ತಿದ್ದೆ. ಕೂಸಿಗೆ ಬಾಟಲಿ ಹಾಲು ಕುಡಿಸುತ್ತಿದ್ದೆ, ಬೆನ್ನು ತಟ್ಟಿ ತೇಗು ಬರಿಸುತ್ತಿದ್ದೆ. ಮಾಡುವುದೆಲ್ಲ ಮಾಡುತ್ತಿದ್ದೆ. ಒಳಗೆ ಮಾತ್ರ ಕಲ್ಲು. ನನ್ನ ಬಟ್ಟೆ, ಪುಸ್ತಕ ಒಂದೊಂದಾಗಿ ಅಕ್ಕನ ಹಳೇ ಪೆಟ್ಟಿಗೆಗೆ ಸೇರುತ್ತಿದ್ದವು. ಅವ್ವ ಸದ್ದಿಲ್ಲದೆ ಜೋಡಿಸಿ ಇಡುತ್ತಿದ್ದಳು.

ಅದೇ ಚಳಿಗಾಲ ದೊಡ್ಡಿಯಲ್ಲಿ ಒಂದು ಕುರಿ ಈದು ಸತ್ತಿತು. ಅಪ್ಪ ಆ ಮರಿಯನ್ನು, ಮರಿ ಕಳೆದುಕೊಂಡಿದ್ದ ಇನ್ನೊಂದು ಕುರಿಗೆ ಹಚ್ಚಿದ. ಈ ಕೆಲಸದಲ್ಲಿ ಅವನ ಕೈ ಒಳ್ಳೆಯದು ಎಂದು ಸುತ್ತಲಿನವರು ಅವನನ್ನು ಕರೆಯುತ್ತಾರೆ. ಕುರಿಯನ್ನು ಗೂಟಕ್ಕೆ ಗಿಡ್ಡ ಕಟ್ಟಿ, ಅದರದೇ ಹಾಲು ಹಿಂಡಿ ಮರಿಯ ಮೈಗೆಲ್ಲ ಸವರಿ, ಹಿಂಗಾಲು ಒತ್ತಿ ಹಿಡಿದು ಕೂತ. ಕುರಿ ಒದೆಯಿತು, ಗುಮ್ಮಿತು, ಮರಿಯತ್ತ ನೋಡಲೂ ಇಲ್ಲ. ಅಪ್ಪ ಬೈಯಲಿಲ್ಲ, ಹೊಡೆಯಲಿಲ್ಲ. ಹಿಡಿದುಕೊಂಡೇ ಇದ್ದ.

"ಒಲ್ಲೆ ಅಂದ್ರ?" ಎಂದು ಕೇಳಿದೆ.

"ಮೊದಲ ಎಲ್ಲವೂ ಒಲ್ಲೆ ಅಂತಾವ. ಎರಡ್ ಮೂರ್ ದಿನ ಹಿಡಿಬೇಕು. ಆಮ್ಯಾಲ ತಾನೇ ಕರೀತದ."

ಹೇಳಿ ನನ್ನ ಕಡೆ ನೋಡಿದ. ಆ ನೋಟದಲ್ಲಿ ಎಲ್ಲಾ ಇತ್ತು. ನನ್ನನ್ನೂ ಇವರು ಹೀಗೆಯೇ ಹಿಡಿದಿದ್ದಾರೆ ಎಂದು ನನಗೆ ಆಗ ಹೊಳೆಯಿತು. ಯಾರೂ ಗದರಿಲ್ಲ, ಕೋಣೆಯಲ್ಲಿ ಕೂಡಿಹಾಕಿಲ್ಲ, ಓದು ಬಿಡು ಎಂದೂ ಅಂದಿಲ್ಲ. ಕುರಿ ಸಾಕಿದವರು ಕುರಿಯ ವಿದ್ಯೆಯನ್ನೇ ಮಗಳಿಗೂ ಹಚ್ಚಿದ್ದರು. ಕುರಿ ಮುಂದಿನ ವಾರ ಆ ಮರಿಯನ್ನು ನೆಕ್ಕುತ್ತಿತ್ತು. ನನ್ನ ಮಟ್ಟಿಗೂ ಅವರ ಲೆಕ್ಕ ಅರ್ಧ ಸರಿಯಾಗಿತ್ತು. ಕೂಸು ನನ್ನ ದನಿ ಕೇಳಿದರೆ ಕಾಲು ಬಡಿಯುತ್ತಿತ್ತು, ನಾನು ಸೋಮವಾರದ ಬಸ್ಸು ತಪ್ಪಿಸುತ್ತಿದ್ದೆ.

ಎರಡನೇ ವರ್ಷ ಪ್ರಬಂಧಕ್ಕೆ ವಿಷಯ ಕೊಡಬೇಕಾಯಿತು. ಮದುವೆಯಲ್ಲಿ ಮುಕ್ತ ಮತ್ತು ಪೂರ್ಣ ಸಮ್ಮತಿ ಎಂದು ಬರೆದುಕೊಟ್ಟೆ. ನನ್ನ ಮಾರ್ಗದರ್ಶಕಿ ಮೇಡಂ ಭಾಲ್ಕಿ ಕಡೆಯವರು. ಮನೆಯಲ್ಲಿ ಮರಾಠಿ, ಹೊರಗೆ ಕನ್ನಡ, ಸಿಟ್ಟು ಬಂದರೆ ಉರ್ದು. "ಇದೇ ವಿಷಯ ಯಾಕ?" ಎಂದರು. "ಹಂಗೇ ರೀ" ಎಂದೆ. ಅವರು ಕೆದಕಲಿಲ್ಲ.

ಬರೆದದ್ದು ಚೆನ್ನಾಗಿಯೇ ಬಂತು. ಒತ್ತಾಯವಿಲ್ಲದ್ದೆಲ್ಲ ಸಮ್ಮತಿಯಲ್ಲ ಎಂದು ಬರೆದೆ. ಸುಮ್ಮನಿರುವುದು ಒಪ್ಪಿಗೆಯಲ್ಲ ಎಂದು ಬರೆದೆ. ಮನೆಯವರ ಪ್ರೀತಿಯೂ ಒತ್ತಡವಾಗಬಲ್ಲದು ಎಂಬುದಕ್ಕೆ ಅಡಿಟಿಪ್ಪಣಿ ಕೊಟ್ಟೆ. ಅದನ್ನೆಲ್ಲ ಕೋಣೆಯಲ್ಲಿ ಕೂತು ಟೈಪು ಮಾಡುವಾಗ ಅವ್ವನ ಫೋನು ಬಂದರೆ, ಮಂಟಪ ಬೇಡ, ಮನೆ ಮುಂದೆಯೇ ಸಾಕು ಎನ್ನುವ ಅವಳ ಮಾತಿಗೆ ಹೂಂ ಹೂಂ ಎನ್ನುತ್ತಿದ್ದೆ. ಹೇಳುವುದು ಪುರಾಣ, ತಿನ್ನುವುದು ಬದನೆಕಾಯಿ. ನನ್ನ ಬದನೆಕಾಯಿಗೆ ರುಚಿಯೂ ಇರಲಿಲ್ಲ, ಅಷ್ಟೇ.

ಮೇಡಂ ಕರಡು ಓದಿ ಕನ್ನಡಕ ತೆಗೆದಿಟ್ಟರು.

"ಛಂದ ಬರ್ದಿ. ಖರೆ ಹೇಳ್ಲೇನು, ಭಾಳ ತಣ್ಣಗ ಬರ್ದಿ. ಸತ್ತವರ ಬಗ್ಗೆ ಬರ್ದಂಗ ಅದ."

ನಾನು ಕರಡು ತೆಗೆದುಕೊಳ್ಳಲು ಕೈ ಚಾಚಿದೆ. ಅವರು ಕೊಡಲಿಲ್ಲ.

"ಇನ್ನೊಂದು. ಇಡೀ ಪ್ರಬಂಧದಾಗ ಹುಡುಗಿ ಒಬ್ಬಾಕೇ ಇದ್ದಾಳ. ಒಡಂಬಡಿಕಿಯಾಗ ಏನದ? ಮದುವಿ ಆಗೋ ಇಬ್ಬರದೂ ಸಮ್ಮತಿ ಬೇಕಂತ ಅದ. ಆ ಗಂಡಸು ಎಲ್ಲಿ ಹೋದ? ಅವನಿಗಿ ಯಾರರೆ ಕೇಳ್ಯಾರೇನು?"

ಒಳಗಿನ ಕಲ್ಲಿಗೆ ಏನೋ ತಾಗಿದ ಹಾಗಾಯಿತು. ಅಷ್ಟು ತಿಂಗಳಲ್ಲಿ ಒಮ್ಮೆಯೂ ನನಗೆ ಅದು ತೋಚಿರಲಿಲ್ಲ. ಭಾವ ಒಪ್ಪಿದ್ದಾನೆ ಎಂದೇ ಇಟ್ಟುಕೊಂಡಿದ್ದೆ. ಗಂಡಸು ಒಲ್ಲೆ ಎನ್ನುತ್ತಾನೆಯೇ ಎಂದು ನಾನೂ, ಅಷ್ಟು ಓದಿದವಳು, ಊರಿನ ಮುದುಕಿಯರ ಹಾಗೆಯೇ ಯೋಚಿಸಿದ್ದೆ. ಆ ಶನಿವಾರ ಔರಾದ ಬಸ್ಸು ಬಿಟ್ಟು ಭಾಲ್ಕಿ ಬಸ್ಸು ಹತ್ತಿದೆ.

ಭಾವನದು ಪಂಪ್‌ಸೆಟ್ಟಿನ ಮೋಟರು ಕಟ್ಟುವ ಅಂಗಡಿ. ಒಳಗೆಲ್ಲ ವಾರ್ನಿಷ್ ವಾಸನೆ. ಅವನು ತಲೆ ತಗ್ಗಿಸಿ ತಾಮ್ರದ ತಂತಿ ಸುತ್ತುತ್ತಿದ್ದ. ಬಾಗಿಲಲ್ಲಿ ನಾನು ನಿಂತ ನೆರಳಿಗೆ ತಲೆ ಎತ್ತಿದ. ಅವನ ಮುಖ ಒಂದು ಗಳಿಗೆ ಅರಳಿತು, ಹಾಗೇ ಬಾಡಿತು. ಚಹಾ ತರಿಸಲು ಎದ್ದವನನ್ನು ಬೇಡವೆಂದು ಕೂರಿಸಿದೆ.

"ಭಾವಾ, ನಮ್ಮಿಬ್ಬರ ಮದುವಿ ಅಂತ ಮಾತಾಡ್ಲತ್ತಾರ. ನಿಮಗ ಯಾರರೆ ಕೇಳಿದ್ರೇನು?"

ಅವನು ತಂತಿಯ ತುದಿ ನೋಡುತ್ತ ಕೂತ. "ಕೇಳೂದೇನದ? ನಿನಗ ಒಪ್ಪಿಗಿ ಅದ ಅಂದ್ರು. ಉಡಿ ತುಂಬಿಸಿಕೊಂಡಾಳ ಅಂದ್ರು."

"ನನಗ ನಿಮಗ ಒಪ್ಪಿಗಿ ಅದ ಅಂದ್ರು."

ಅವನು ತಂತಿ ಕೆಳಗಿಟ್ಟ. ರಸ್ತೆಯಲ್ಲಿ ಕಬ್ಬಿನ ಟ್ರ್ಯಾಕ್ಟರು ಹೋಯಿತು.

"ಈಗ ನೀ ಬಾಗಲದಾಗ ನಿಂತಿಯಲ್ಲ" ಎಂದ, "ಒಂದ್ ಗಳಿಗಿ ಆಕಿನೇ ಬಂದಳ ಅನಸ್ತು. ಆಮ್ಯಾಲ ಅಲ್ಲ ಅಂತ ಗೊತ್ತಾತು. ನಿಂತ ಠೀವಿ ಆಕಿದು, ದನಿ ಆಕಿದು. ದಿನಾ ಮುಂಜಾನೆ ಎದ್ದು ಹಿಂಗ ಆದ್ರ ನಾ ಹ್ಯಾಂಗ ಬದುಕ್ಲಿ, ಹೇಳು?"

ನನಗೆ ಅಳು ಬರಲಿಲ್ಲ. ಆದರೆ ಎಷ್ಟೋ ತಿಂಗಳ ಮೇಲೆ ಮೈಯಲ್ಲಿ ಎಲ್ಲೋ ಒಂದು ಕಡೆ ನೋವಾಯಿತು ಎಂದು ಗೊತ್ತಾಗಿ ಆಶ್ಚರ್ಯವಾಯಿತು.

"ಮತ್ತ ಒಲ್ಲೆ ಅಂತ ಹೇಳ್ರಿ."

"ನಾ ಹೇಳಿದ್ರ ನಿಮ್ಮಪ್ಪಗ ಅವಮಾನ. ಕೂಸು ಅವರ ಮ್ಯಾಲ ಹೇರಿ ಜಾರಿಕೊಂಡ ಅಂತಾರ ಮಂದಿ." ಮೂಗು ಉಜ್ಜಿಕೊಂಡ. "ನೀವು ವಕೀಲ್ರು. ನೀವೇ ಹೇಳ್ರಿ."

ಅಷ್ಟು ಹೊತ್ತು ನೀನು ಎಂದವನು ಹೊರೆ ಹೊರಿಸುವಾಗ ಮರ್ಯಾದೆ ಕೊಟ್ಟ. ಗಂಡಸರ ಧೈರ್ಯವೇ ಇಷ್ಟು ಎಂದುಕೊಂಡು ಬಸ್ಸು ಹತ್ತಿದೆ. ಆದರೂ ಅವನ ಮೇಲೆ ಸಿಟ್ಟು ಹೆಚ್ಚು ಹೊತ್ತು ಉಳಿಯಲಿಲ್ಲ.

ಅಕ್ಕನ ವರ್ಷದ ಕಾರ್ಯ ಮುಗಿದ ಮರುದಿನ ಬೆಳಿಗ್ಗೆ ನಮ್ಮ ಮನೆ ಮುಂದೆ ಕಂಬಳಿ ಹಾಸಿ ಹಿರಿಯರು ಕೂತರು. ಭಾವ ಮತ್ತು ಅವನ ತಾಯಿ ಭಾಲ್ಕಿಯಿಂದ ಬಂದು ಉಳಿದಿದ್ದರು. ದಿನ ಗೊತ್ತುಮಾಡಬೇಕಿತ್ತು. ಯುಗಾದಿ ಆದ ಮೇಲೋ, ತೊಗರಿ ಮಾರಿದ ಮೇಲೋ ಎಂಬ ಚರ್ಚೆ ನಡೆದಿತ್ತು. ನಾನು ಬಾಗಿಲ ಬಳಿ ಕೂಸನ್ನು ಉಡಿಯಲ್ಲಿಟ್ಟುಕೊಂಡು ಕೂತಿದ್ದೆ. ಕೂಸಿಗೆ ಆಗ ನಾಲ್ಕು ಹಲ್ಲು ಬಂದಿದ್ದವು, ನನ್ನ ಬಳೆ ಕಡಿಯುತ್ತಿತ್ತು.

ಹೇಳಬೇಕಾದ್ದನ್ನು ಬಸ್ಸಿನುದ್ದಕ್ಕೂ ಜೋಡಿಸಿಕೊಂಡು ಬಂದಿದ್ದೆ. ಸಮ್ಮತಿ, ಹಕ್ಕು, ಘನತೆ. ಆ ಅಂಗಳದಲ್ಲಿ ಕೂತು ನೋಡಿದರೆ ಒಂದು ಪದವೂ ಬಾಯಿಗೆ ಬರಲಿಲ್ಲ. ಬಂದರೂ ಅವು ಅಲ್ಲಿ ಯಾರ ಕಿವಿಗೆ ಹೋಗುತ್ತಿದ್ದವು? ಈಗ ಏಳದಿದ್ದರೆ ಇನ್ನು ಏಳುವುದಿಲ್ಲ ಎಂದು ಮಾತ್ರ ಗೊತ್ತಿತ್ತು. ಭಾವನತ್ತ ನೋಡಿದೆ. ಅವನು ಹೆಗಲ ಮೇಲಿನ ಟವೆಲ್ಲಿನ ದಾರ ಕೀಳುತ್ತಿದ್ದ.

"ಅಪ್ಪಾ" ಎಂದೆ.

ಎಲ್ಲರೂ ತಿರುಗಿದರು.

"ತಾಯಿ ಸತ್ತ ಮರಿ ಬ್ಯಾರೆ ಕುರಿಗಿ ಹಚ್ಚತಿ. ಹೌದಿಲ್ಲ?"

"ಹೌದ್" ಎಂದ ಅಪ್ಪ, ಏನೂ ತಿಳಿಯದೆ.

"ಮರಿ ಹಚ್ಚಿಕೊಂಡ ಕುರಿಗಿ, ಆ ಮರಿ ಹುಟ್ಟಿಸಿದ ಟಗರಿನ ಸಂಗಟನೂ ಒಂದೇ ಗೂಟಕ್ಕ ಕಟ್ಟತಿ ಏನು?"

ಒಬ್ಬ ಮುದುಕಿ ಫಕ್ಕನೆ ನಕ್ಕು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. "ಛೀ, ಹೆಣ್ಣ ಹುಡಿಗಿ ನಾಕ್ ಮಂದಿಯಾಗ ಆಡೋ ಮಾತೇನು ಇದು? ಓದಿಸಿದ್ದಕ್ಕ ಇದೇ ಬಂತು" ಎಂದು ಹಿರಿಯರೊಬ್ಬರು ರುಮಾಲು ಸರಿಮಾಡಿಕೊಂಡರು. ಅಪ್ಪ ಯಾರ ಮಾತೂ ಕೇಳಿಸಿಕೊಂಡ ಹಾಗಿರಲಿಲ್ಲ. ದೊಡ್ಡಿಯ ಕಡೆ ನೋಡುತ್ತಿದ್ದ. ಅವನು ಖರೆಯೇ ಯೋಚನೆ ಮಾಡುತ್ತಿದ್ದ.

"ಇಲ್ಲ" ಎಂದ ಕೊನೆಗೆ. "ಹಂಗ ಕಟ್ಟಾಂಗಿಲ್ಲ."

"ಅಂದ್ರ?" ಎಂದಳು ಅವ್ವ, ದನಿ ಏರಿಸಿ. "ಕೂಸಿನ ಗತಿ ಏನು? ನಾಳೆ ಯಾವಾಕಿನೋ ತಂದು ಇದರ ತಲಿ ಮ್ಯಾಲ ಕೂಡಿಸ್ತಾರ!"

"ಕೂಸಿಗಿ ನಾ ಎಲ್ಲೀತನ ಬೇಕೋ ಅಲ್ಲೀತನ ಬರ್ತೇನಿ ಅವ್ವಾ. ಮದುವಿ ಮಾತ್ರ ಒಲ್ಲೆ" ಎಂದೆ. ಒಲ್ಲೆ ಎಂದು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು.

ಆಗ ಭಾವ ಎದ್ದ. ಇವನು ಜಾರಿಕೊಳ್ಳುತ್ತಾನೆ ಎಂದುಕೊಂಡೆ. "ಮಾವಾರ, ನನಗೂ ಮನಸಿಲ್ರಿ" ಎಂದ, ನೆಲ ನೋಡುತ್ತ. "ಯಾರೂ ಕೇಳ್ಲಿಲ್ಲ, ನಾನೂ ಹೇಳ್ಲಿಲ್ಲ. ಕೂಸು ನಂದು. ನಾ ಒಯ್ತೇನಿ."

ನಾನು ಕೂಸನ್ನು ಎತ್ತಿಕೊಂಡು ಅವನ ಮುಂದೆ ಹೋದೆ. ಅವನು ಅಲ್ಲೇ ಮಂಡಿ ಮಡಚಿ ಕೂತ, ಹೆಗಲ ಮೇಲಿನ ಟವೆಲ್ಲು ತೆಗೆದು ತೊಡೆಯ ಮೇಲೆ ಹಾಸಿ, ಎರಡು ತುದಿ ಎರಡು ಕೈಯಲ್ಲಿ ಹಿಡಿದ. ಗಂಡಸರಿಗೆ ಉಡಿ ಇಲ್ಲ. ಅವನು ಅದನ್ನು ಮಾಡಿಕೊಂಡ. ಯಾರೂ ಹೇಳಿಕೊಟ್ಟಿರಲಿಲ್ಲ.

ಕೂಸನ್ನು ಇಡಲು ಬಗ್ಗಿದೆ.

"ತಡಿ" ಎಂದಳು ಅವ್ವ.

ಒಳಗೆ ಹೋದಳು. ಹೋಗುವಾಗಲೂ ಬೈಯುತ್ತಿದ್ದಳು, ಬರುವಾಗಲೂ ಬೈಯುತ್ತಿದ್ದಳು. ಕೈಯಲ್ಲಿ ಅಕ್ಕಿಯ ಮೊರ, ಒಂದು ಕಾಯಿ. "ಬರೇ ಟವೆಲ್ಲಿನಾಗ ಕೂಸು ಇಡತಾರೇನು? ಅಷ್ಟೂ ತಿಳೀದ ಮಂದಿ" ಎನ್ನುತ್ತ ಅಳಿಯನ ಟವೆಲ್ಲಿಗೆ ಬೊಗಸೆ ಬೊಗಸೆ ಅಕ್ಕಿ ಹಾಕಿದಳು. ಕಾಯಿ ಇಟ್ಟಳು. ಅವಳ ಕಣ್ಣಿಂದ ನೀರು ಧಾರೆಯಾಗಿ ಇಳಿಯುತ್ತಿತ್ತು, ಬೈಗುಳ ನಿಲ್ಲಲಿಲ್ಲ. ನಮ್ಮ ಅವ್ವ ಮದುವೆ ಮುರಿದದ್ದನ್ನು ತಡೆದುಕೊಂಡಳು, ಅರೆಬರೆ ಶಾಸ್ತ್ರವನ್ನು ತಡೆದುಕೊಳ್ಳಲಿಲ್ಲ.

ಕೂಸನ್ನು ಇಟ್ಟೆ. ಅದು ತನ್ನ ಅಪ್ಪನ ಮುಖ ನೋಡಿತು, ಒಂದು ಹಿಡಿ ಅಕ್ಕಿ ತೆಗೆದು ಬಾಯಿಗೆ ಹಾಕಿಕೊಂಡಿತು.

ಈಗ ಅದು ಭಾಲ್ಕಿಯಲ್ಲಿ ಅಜ್ಜಿಯ ಹತ್ತಿರ ಬೆಳೆಯುತ್ತಿದೆ. ಹಗಲು ಅಂಗಡಿಯಲ್ಲಿ ಆಡುತ್ತದೆ, ಅದರ ಫ್ರಾಕಿಗೆಲ್ಲ ವಾರ್ನಿಷ್ ವಾಸನೆ. ನಾನು ಭಾನುವಾರ ಹೋಗುತ್ತೇನೆ. ಪ್ರಬಂಧಕ್ಕೆ ಗಂಡಿನ ಸಮ್ಮತಿಯ ಅಧ್ಯಾಯ ಸೇರಿಸಿದೆ. ಮೇಡಂ ಈ ಸಲ ತಣ್ಣಗಿದೆ ಎನ್ನಲಿಲ್ಲ.

ಹಿರಿಯರು ಕೂತಿದ್ದ ಅವತ್ತೇ ಮಧ್ಯಾಹ್ನದ ಬಸ್ಸಿಗೆ ಅವರು ಹೊರಟರು. ಬಸ್ಸು ಬರುವ ತನಕ ಕೂಸು ನನ್ನ ಮಡಿಲಲ್ಲೇ ಇತ್ತು. ಕೂಸು ಬಸ್ಸಿನ ಕಿಟಕಿಯಿಂದ ನನ್ನ ಕಡೆ ಎರಡೂ ಕೈ ಚಾಚಿ ಅತ್ತಿತು. ನಾನು ಮನೆಗೆ ಬಂದೆ. ಸೀರೆಯ ಮಡಿಲು ಅದರ ಉಚ್ಚೆಗೆ ಇನ್ನೂ ಹಸಿಯಾಗಿತ್ತು, ಗಾಳಿಗೆ ತಣ್ಣಗಾಗುತ್ತಿತ್ತು. ಆ ತಂಪು ಹತ್ತಿದಾಗ ನನಗೆ ಅಕ್ಕ ಇಲ್ಲ ಎಂದು ಗೊತ್ತಾಯಿತು. ಊರಿಗೆಲ್ಲ ಅಕ್ಕ ಸತ್ತು ವರ್ಷವಾಗಿತ್ತು, ನನಗೆ ಅವಳು ಸತ್ತದ್ದು ಆವಾಗ. ದೊಡ್ಡಿಯ ಹಿಂದೆ ಹೋಗಿ, ಗೋಡೆಗೆ ಹಣೆ ಹಚ್ಚಿ, ಊರೆಲ್ಲ ಕೇಳುವ ಹಾಗೆ ಅತ್ತೆ.

ಅಪ್ಪ ಬಂದ. ಗೂಟದ ಹತ್ತಿರ, ಸ್ವಲ್ಪ ದೂರದಲ್ಲೇ ನಿಂತ. ನಾನು ಅತ್ತು ಮುಗಿಸುವ ತನಕ ನಿಂತೇ ಇದ್ದ. ಹತ್ತಿರ ಬಂದು ಹಿಡಿಯಲಿಲ್ಲ.